ಪಿ.ಟಿ. ಮಾಸ್ತರರ ಮಾಸ್ತರು

ನಮ್ಮ ಹಾವೇರಿ-ಧಾರವಾಡ ಕಡೆ ಹೈಸ್ಕೂಲಿನ ಪಿ.ಟಿ. ಮಾಸ್ತರು ಅಂದರೆ ಕೊರಳಲ್ಲಿ ಒಂದು ಸೀಟಿ, ಕೈಯಲ್ಲಿ ಒಂದು ಬೆತ್ತ, ಕಾಲಲ್ಲಿ ಕೆಂಪು ಮಣ್ಣು ಮೆತ್ತಿಕೊಂಡ ಕ್ಯಾನ್ವಾಸ್ ಬೂಟು. ಪ್ರಾರ್ಥನೆಯ ಸಾಲು ನೆಟ್ಟಗೆ ನಿಲ್ಲಿಸುವವರು ಅವರು. ಆಗಸ್ಟ್ 15ಕ್ಕೆ ಮೈದಾನದಲ್ಲಿ ಸುಣ್ಣದ ಗೆರೆ ಎಳೆಸುವವರು ಅವರು. ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಹುಡುಗರನ್ನು ಟೆಂಪೋದಲ್ಲಿ ತುಂಬಿಕೊಂಡು ಹೋಗಿ, ಕೈಯಿಂದ ದುಡ್ಡು ಹಾಕಿ ಮಂಡಕ್ಕಿ-ಮಿರ್ಚಿ ಕೊಡಿಸಿ, ರಾತ್ರಿ ಮನೆಮನೆಗೆ ಬಿಟ್ಟು ಬರುವವರೂ ಅವರೇ. ಆದರೆ ಪರೀಕ್ಷೆ ಹತ್ತಿರ ಬಂತೆಂದರೆ ಅವರ ಪೀರಿಯಡ್ ಗಣಿತದವರ ಪಾಲು. ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿ ಬಾಗಿಲ ಹತ್ತಿರ.

ಈ ಮಾಸ್ತರು ಅನ್ನುವ ಹುದ್ದೆ ಆಕಾಶದಿಂದ ಉದುರಿದ್ದಲ್ಲ. ಅದಕ್ಕೂ ಒಂದು ಶುರುವಾತು ಇದೆ. ದಕ್ಷಿಣ ಭಾರತದ ಮಟ್ಟಿಗೆ ಅದನ್ನು ಕಟ್ಟಿದವರಲ್ಲಿ ಮೊದಲಿಗೆ ಹೇಳಬೇಕಾದ ಹೆಸರು ಹ್ಯಾರಿ ಕ್ರೋ ಬಕ್. ಅಮೆರಿಕದವರು. ಮದ್ರಾಸಿನಲ್ಲಿ ಕಾಲೇಜು ಕಟ್ಟಿದರು, 1924ರಲ್ಲಿ ಭಾರತದ ಅಥ್ಲೀಟುಗಳನ್ನು ಪ್ಯಾರಿಸ್ ಒಲಿಂಪಿಕ್ಸ್‌ಗೆ ಕರೆದುಕೊಂಡು ಹೋದರು, 1943ರಲ್ಲಿ ತೀರಿಕೊಂಡರು. ದೈಹಿಕ ಶಿಕ್ಷಣ ಓದಿದವರಿಗೆ ಅವರ ಹೆಸರು ಗೊತ್ತಿರುತ್ತದೆ. ಮಿಕ್ಕವರಿಗೆ ಬಹುಶಃ ಇಲ್ಲ. ನನಗೂ ಅವರ ಪರಿಚಯ ಆದದ್ದು ಮುಂಬೈಗೆ ಬಂದ ಮೇಲೆ, ಅದೂ ಕಾಂದಿವಲಿಯ ದಾರಿಯಿಂದ. ಮಗಳನ್ನು ಓಟದ ತರಬೇತಿಗೆ ಎಲ್ಲಿ ಸೇರಿಸುವುದು ಎಂದು ವಿಚಾರಿಸುತ್ತ ಹೋದಾಗ ಹಳಬರೊಬ್ಬರು ಕಾಂದಿವಲಿಯಲ್ಲಿ ಹಿಂದೆ ಇದ್ದ ಸರ್ಕಾರಿ ವ್ಯಾಯಾಮ ತರಬೇತಿ ಸಂಸ್ಥೆಯ ಸುದ್ದಿ ತೆಗೆದರು. ಆ ಸಂಸ್ಥೆಯ ಬೇರು ಹುಡುಕುತ್ತ ಹೊರಟರೆ ಮದ್ರಾಸು ಸಿಕ್ಕಿತು, ಮದ್ರಾಸಿನಲ್ಲಿ ಬಕ್ ಸಿಕ್ಕರು. ಕಾಂದಿವಲಿ ಕಥೆಗೆ ಆಮೇಲೆ ಬರುತ್ತೇನೆ.

ಬಕ್ ಹುಟ್ಟಿದ್ದು 1884ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲಿವರ್‌ಪೂಲ್ ಎಂಬ ಊರಲ್ಲಿ. ಇಂಗ್ಲೆಂಡಿನ ಲಿವರ್‌ಪೂಲ್ ಅಲ್ಲ. ಸಸ್ಕ್ವೆಹಾನಾ ನದಿಯ ದಂಡೆಯ ಸಣ್ಣ ಊರು. ಓದಿದ್ದು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಕಾಲೇಜಿನಲ್ಲಿ. ಕ್ರೀಡೆಯ ಇತಿಹಾಸದಲ್ಲಿ ಈ ಸ್ಪ್ರಿಂಗ್‌ಫೀಲ್ಡ್ ಸಾಮಾನ್ಯ ಜಾಗ ಅಲ್ಲ. 1891ರ ಚಳಿಗಾಲದಲ್ಲಿ ಹೊರಗೆ ಹಿಮ ಬಿದ್ದು ಹುಡುಗರು ಒಳಗೇ ಕೂತು ಬೇಸತ್ತಾಗ, ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಬಾಲ್ಕನಿಗೆ ಹಣ್ಣಿನ ಬುಟ್ಟಿ ಬಡಿದು ಬ್ಯಾಸ್ಕೆಟ್‌ಬಾಲ್ ಶುರು ಮಾಡಿದ್ದು ಅಲ್ಲಿಯೇ. ನಾಲ್ಕು ವರ್ಷದ ನಂತರ ಅಲ್ಲೇ ಹತ್ತಿರದ ಹೋಲಿಯೋಕ್‌ನಲ್ಲಿ ವಿಲಿಯಂ ಮೋರ್ಗನ್ ವಾಲಿಬಾಲ್ ಹುಟ್ಟುಹಾಕಿದರು. ನಮ್ಮ ಊರ ಶಾಲೆಗಳ ಮೈದಾನದಲ್ಲಿ ಈಗಲೂ ಎರಡು ಕಂಬ ನಿಂತು ಒಂದು ಬಲೆ ತೂಗುತ್ತಿದ್ದರೆ ಅದರ ಎಳೆ ಆ ಕಡೆಯದು.

ಸ್ಪ್ರಿಂಗ್‌ಫೀಲ್ಡ್‌ನವರ ತತ್ವ ಒಂದು ತ್ರಿಕೋನ. ಮೈ, ಮನಸ್ಸು, ಆತ್ಮ ಮೂರೂ ಒಟ್ಟಿಗೆ ಬೆಳೆಯಬೇಕು. ಆಟ ಕಲಿಸುವವನು ಮೈಯನ್ನಷ್ಟೇ ನೋಡಿದರೆ ಸಾಲದು. ವೈಎಂಸಿಎಯ ಕೆಂಪು ತ್ರಿಕೋನದ ಗುರುತು ಅದೇ. ಕ್ರೈಸ್ತ ಸಂಸ್ಥೆ, ಧರ್ಮದ ಕೆಲಸವೂ ಅದರೊಳಗೆ ಇತ್ತು ಎನ್ನುವುದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಆಟ ಕಲಿಸುವುದನ್ನು ಓದಿ ಪಾಸಾಗಬೇಕಾದ ವಿದ್ಯೆ ಎಂದು ಅವರು ಆ ಕಾಲಕ್ಕೇ ತಿಳಿದಿದ್ದರು. ಅಂಗರಚನೆ ಓದಬೇಕು, ಮಕ್ಕಳ ಮನಸ್ಸು ಓದಬೇಕು, ನಿಯಮ ಓದಬೇಕು, ಆಮೇಲೆ ಸೀಟಿ ಹಿಡಿಯಬೇಕು.

1919ರಲ್ಲಿ ಬಕ್ ಮದ್ರಾಸಿಗೆ ಬಂದಾಗ ವಯಸ್ಸು ಮೂವತ್ತೈದರ ಹತ್ತಿರ. ಈ ಅಂಕಣ ಓದುವ ನಮ್ಮಲ್ಲಿ ಹಲವರು ಊರು ಬಿಟ್ಟು ಎಲ್ಲೋ ನೆಲೆ ಹುಡುಕುವ ವಯಸ್ಸೇ. ಆಗ ಇಲ್ಲಿನ ಶಾಲೆಗಳಲ್ಲಿ ವ್ಯಾಯಾಮ ಎಂದರೆ ಹೆಚ್ಚಿನ ಕಡೆ ಡ್ರಿಲ್. ಸೈನ್ಯದಿಂದ ನಿವೃತ್ತರಾಗಿ ಬಂದ ಹವಾಲ್ದಾರರು ಸಾಲು ನಿಲ್ಲಿಸಿ ಎಡ-ಬಲ ಹೇಳುತ್ತಿದ್ದರು. ನಮ್ಮ ಹಿರಿಯರ ಬಾಯಲ್ಲಿ ಇವತ್ತಿಗೂ ಪಿ.ಟಿ. ಮಾಸ್ತರು ಡ್ರಿಲ್ ಮಾಸ್ತರೇ ಆಗಿ ಉಳಿದಿರುವುದು ಅದರಿಂದ. ಇನ್ನೊಂದು ಕಡೆ ನಮ್ಮದೇ ಗರಡಿಮನೆಗಳಿದ್ದವು. ಮೈಸೂರಿನಿಂದ ಕೊಲ್ಹಾಪುರದವರೆಗೆ ಕೆಮ್ಮಣ್ಣಿನ ಅಖಾಡಗಳು, ಉಸ್ತಾದರು, ಸಾಮು, ಬೈಠಕ್. ಅದು ಗಟ್ಟಿ ವಿದ್ಯೆ. ಆದರೆ ಅದು ಶಾಲೆಯ ಗೇಟಿನೊಳಗೆ ಬಂದಿರಲಿಲ್ಲ. ಗರಡಿಗೆ ಹೋಗುವ ಹುಡುಗ ಬೇರೆ, ಶಾಲೆಗೆ ಹೋಗುವ ಹುಡುಗ ಬೇರೆ ಎನ್ನುವ ಹಾಗಿತ್ತು.

1920ರಲ್ಲಿ ಬಕ್ ಮದ್ರಾಸಿನ ಎಸ್ಪ್ಲನೇಡ್‌ನ ವೈಎಂಸಿಎ ಕಟ್ಟಡದಲ್ಲಿ ದೈಹಿಕ ಶಿಕ್ಷಣದ ಶಾಲೆ ತೆರೆದರು. ಮೊದಲ ತಂಡದಲ್ಲಿ ಇದ್ದವರು ಐದೇ ಜನ ವಿದ್ಯಾರ್ಥಿಗಳು. ಐದು ಜನಕ್ಕೆ ಒಂದು ಸಂಸ್ಥೆ! ಇವತ್ತಿನ ಲೆಕ್ಕದಲ್ಲಿ ಯಾವ ಮ್ಯಾನೇಜರೂ ಒಪ್ಪಿಗೆ ಕೊಡದ ಪ್ರಾಜೆಕ್ಟ್. ಆದರೆ ಬಕ್ ಹಾಕಿದ ಲೆಕ್ಕ ಬೇರೆ. ಒಬ್ಬ ಕೋಚ್ ಜೀವಮಾನದಲ್ಲಿ ಎಷ್ಟು ಓಟಗಾರರನ್ನು ತಯಾರು ಮಾಡಬಹುದು? ನೂರು, ಇನ್ನೂರು. ಅದೇ ಕೋಚ್ ನೂರು ಮೇಷ್ಟ್ರುಗಳನ್ನು ತಯಾರು ಮಾಡಿದರೆ? ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಅವರು ಸ್ಕೇಲ್ ಮಾಡಲು ಹೊರಟಿದ್ದರು.

ಅದೇ 1920ರಲ್ಲಿ ನಮ್ಮ ಬೆಳಗಾವಿಯ ಒಬ್ಬ ಓಟಗಾರ ಬೆಲ್ಜಿಯಂ ದೇಶದ ಆಂಟ್‌ವರ್ಪ್‌ನಲ್ಲಿ ಓಡುತ್ತಿದ್ದ. ಫಡೆಪ್ಪ ದಾರೆಪ್ಪ ಚೌಗುಲೆ. ತಂದೆ-ಮಗ ಇಬ್ಬರ ಹೆಸರಿನ ಕೊನೆಯ ‘ಅಪ್ಪ’ಗಳೇ ಯಾವ ನೆಲದವರೆಂದು ಹೇಳುತ್ತವೆ. ಈತನ ಕಥೆ ಬಕ್ ಕಥೆಗೆ ಹಿನ್ನೆಲೆ, ಹಾಗಾಗಿ ಸ್ವಲ್ಪ ನಿಂತು ಹೇಳಬೇಕು.

ಪುಣೆಯ ಡೆಕ್ಕನ್ ಜಿಮಖಾನಾದ ಅಧ್ಯಕ್ಷರಾಗಿದ್ದವರು ಮುಂಬೈಯ ಸರ್ ದೊರಾಬ್‌ಜಿ ಟಾಟಾ, ಜಮ್‌ಶೆಟ್‌ಜಿಯವರ ಹಿರಿಯ ಮಗ. ಅಲ್ಲಿಯ ಕ್ರೀಡಾಕೂಟದಲ್ಲಿ ರೈತರ ಮಕ್ಕಳು ಬರಿಗಾಲಲ್ಲಿ ದೂರದ ಓಟ ಓಡುವುದನ್ನು ಅವರು ನೋಡಿದರು. ಕೇಂಬ್ರಿಡ್ಜ್‌ನಲ್ಲಿ ಓದಿ ಯುರೋಪಿನ ಆಟಗಳ ಮಟ್ಟ ತಿಳಿದವರು. ತರಬೇತಿಯೇ ಇಲ್ಲದ ಈ ಹುಡುಗರ ವೇಗ ಅಲ್ಲಿಯವರಿಗಿಂತ ಬಹಳ ದೂರ ಇಲ್ಲ ಎಂದು ಅವರಿಗೆ ಅನಿಸಿತು. ಬಾಂಬೆ ಗವರ್ನರ್ ಜಾರ್ಜ್ ಲಾಯ್ಡ್ ಅವರ ಬೆಂಬಲ ಪಡೆದು, ತಮ್ಮ ಹಣವನ್ನೂ ಹಾಕಿ, ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಒಂದು ಸಣ್ಣ ತಂಡ ಕಳಿಸಿದರು. ತಂಡ ಹಡಗು ಹತ್ತಿದ್ದು ಬಾಂಬೆಯಿಂದಲೇ. ಚೌಗುಲೆ ಮ್ಯಾರಥಾನ್‌ನಲ್ಲಿ 19ನೆಯವನಾಗಿ ಬಂದ. 2 ಗಂಟೆ 50 ನಿಮಿಷ 45 ಸೆಕೆಂಡ್. ಗೆದ್ದ ಫಿನ್ಲೆಂಡಿನ ಹಾನ್ನೆಸ್ ಕೋಲೆಹ್ಮೈನೆನ್‌ಗಿಂತ ಸುಮಾರು 18 ನಿಮಿಷ ಹಿಂದೆ. ಆ ವರ್ಷದ ದಾರಿಯ ಉದ್ದ 42.75 ಕಿ.ಮೀ.; ಒಲಿಂಪಿಕ್ಸ್ ಮ್ಯಾರಥಾನ್‌ಗಳಲ್ಲೇ ಅತಿ ಉದ್ದದ್ದು. ಜೊತೆಗೆ ಓಡಿದ ಸದಾಶಿವ ದಾತಾರ್ ಕೊನೆ ಮುಟ್ಟಲಿಲ್ಲ.

ಮುಂಬೈ ಮ್ಯಾರಥಾನ್‌ಗೆ ಆ್ಯಪ್ ಇಟ್ಟುಕೊಂಡು, ಕೈಗೆ ವಾಚ್ ಕಟ್ಟಿಕೊಂಡು, ಜೆಲ್ ಪ್ಯಾಕೆಟ್ ಜೇಬಿಗೆ ತುರುಕಿಕೊಂಡು ಓಡುವ ನಮ್ಮಂಥವರು ಆ 2:50 ಅನ್ನು ಒಂದು ಸಲ ಮನಸ್ಸಿನಲ್ಲಿ ಓಡಿ ನೋಡಬೇಕು. ನೂರು ವರ್ಷಕ್ಕೂ ಹಿಂದಿನ ಮಾತು ಅದು. ಇಷ್ಟು ಕಸುವು ಇದ್ದವನಿಗೆ ಹದಿನೈದನೇ ವಯಸ್ಸಿನಿಂದ ಒಬ್ಬ ತಿಳಿದವರು ಹಿಂದೆ ನಿಂತಿದ್ದರೆ ಏನಾಗುತ್ತಿತ್ತು ಎನ್ನುವ ಪ್ರಶ್ನೆ ಟಾಟಾ ಅವರಿಗೂ ಬಂದಿರಬೇಕು. ಕಸುವು ಊರಲ್ಲಿ ಇದೆ. ಅದನ್ನು ನೋಡುವ ಕಣ್ಣು ಊರಲ್ಲಿ ಇಲ್ಲ. ಬಕ್ ಮದ್ರಾಸಿನಲ್ಲಿ ಐದು ಜನರನ್ನು ಕೂರಿಸಿಕೊಂಡು ತಯಾರು ಮಾಡುತ್ತಿದ್ದದ್ದು ಅದೇ ಕಣ್ಣನ್ನು.

ಮುಂದಿನ ನಾಲ್ಕು ವರ್ಷ ಈ ಎರಡು ದಾರಿಗಳು ಒಂದಾದವು. ಟಾಟಾ ಅವರ ಹಣ ಮತ್ತು ವರ್ಚಸ್ಸು ಬಾಂಬೆಯಲ್ಲಿ, ವೈಎಂಸಿಎ ದೈಹಿಕ ನಿರ್ದೇಶಕರ ಓಡಾಟ ದೇಶದ ತುಂಬ. ಎ.ಜಿ. ನೋಹ್ರೆನ್ ಎಂಬ ಮತ್ತೊಬ್ಬ ವೈಎಂಸಿಎ ಅಮೆರಿಕನ್ ಮತ್ತು ಬಕ್, ಇಬ್ಬರೂ ಪ್ರಾಂತ್ಯ ಪ್ರಾಂತ್ಯಕ್ಕೆ ಹೋಗಿ ಒಲಿಂಪಿಕ್ ಸಂಘಗಳನ್ನು ಕಟ್ಟಲು ನೆರವಾದರು. ಇದು ಹೆಸರು ತರುವ ಕೆಲಸ ಅಲ್ಲ. ರೈಲು, ಟಪಾಲು, ಸಮಿತಿ, ನಿಯಮದ ಪ್ರತಿ, ಅಳತೆಯ ಟೇಪು. ಒಂದೂರಿನ ನೂರು ಗಜಕ್ಕೂ ಇನ್ನೊಂದೂರಿನ ನೂರು ಗಜಕ್ಕೂ ತಾಳೆ ಬರಬೇಕು, ಟೈಮ್ ಹಿಡಿಯುವವರಿಗೆ ಸ್ಟಾಪ್‌ವಾಚ್ ಒತ್ತಲು ಬರಬೇಕು, ಉದ್ದ ಜಿಗಿತದ ಮರಳು ಅಗೆದು ಸಡಿಲ ಮಾಡಿರಬೇಕು, ಫೌಲ್ ಎಂದರೆ ಎಲ್ಲರಿಗೂ ಒಂದೇ ಅರ್ಥ ಆಗಿರಬೇಕು. ಇವು ಸರಿ ಇಲ್ಲದೆ ದಾಖಲೆ ಅನ್ನುವ ಮಾತಿಗೆ ಬೆಲೆ ಇಲ್ಲ. ಮುಂದೆ ಬಕ್ ಆಟಗಳ ನಿಯಮಗಳನ್ನು ಒಟ್ಟುಮಾಡಿ ಪುಸ್ತಕವನ್ನೇ ತಂದರು. ‘ವ್ಯಾಯಾಮ್’ ಎಂಬ ಪತ್ರಿಕೆಯನ್ನೂ ನಡೆಸಿದರು. ನನ್ನ ಎಂ.ಟೆಕ್ ಬುದ್ಧಿಗೆ ಇವೆಲ್ಲ ಪದಕಕ್ಕಿಂತ ಹೆಚ್ಚು ಆಸಕ್ತಿ ಹುಟ್ಟಿಸುವ ಸಂಗತಿಗಳು. ಯಾವ ವ್ಯವಸ್ಥೆಯೇ ಆಗಲಿ, ಮೊದಲು ಅಳತೆ ಒಂದಾಗಬೇಕು.

1924ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಅಖಿಲ ಭಾರತ ಒಲಿಂಪಿಕ್ ಕ್ರೀಡಾಕೂಟ ನಡೆಯಿತು. ಇವತ್ತಿನ ರಾಷ್ಟ್ರೀಯ ಕ್ರೀಡಾಕೂಟದ ಮೂಲ ಅದು. ಅಲ್ಲಿ ಗೆದ್ದವರಿಂದ ಎಂಟು ಅಥ್ಲೀಟುಗಳನ್ನು ಪ್ಯಾರಿಸ್‌ಗೆ ಆರಿಸಿದರು. ತಂಡದ ಮ್ಯಾನೇಜರ್ ಹ್ಯಾರಿ ಬಕ್. ಹರ್ಡಲ್ಸ್‌ಗೆ ಸಿ.ಕೆ. ಲಕ್ಷ್ಮಣನ್, ಕಣ್ಣೂರಿನವರು, ನಮ್ಮ ಕಾಸರಗೋಡಿನಿಂದ ಸ್ವಲ್ಪ ದಕ್ಷಿಣಕ್ಕೆ ಹೋದರೆ ಅವರ ಊರು. ಉದ್ದ ಜಿಗಿತಕ್ಕೆ ದಲೀಪ್ ಸಿಂಗ್, ದೂರದ ಓಟಕ್ಕೆ ಪಾಲಾ ಸಿಂಗ್, ಮ್ಯಾರಥಾನ್‌ಗೆ ಮಹಾದೇವ್ ಸಿಂಗ್, ವೇಗದ ಓಟಕ್ಕೆ ಬಂಗಾಳದಿಂದ ಜೇಮ್ಸ್ ಹಾಲ್ ಮತ್ತು ಟೆರೆನ್ಸ್ ಪಿಟ್. ಅಂದರೆ ಮಲಯಾಳಿ, ಸಿಖ್, ಆಂಗ್ಲೋ-ಇಂಡಿಯನ್ ಎಲ್ಲರೂ ಒಂದೇ ತಂಡದಲ್ಲಿ, ನೋಡಿಕೊಳ್ಳಲು ಪೆನ್ಸಿಲ್ವೇನಿಯಾದ ಒಬ್ಬ ಮೇಷ್ಟ್ರು.

ಹರ್ಡಲ್ಸ್ ಬಗ್ಗೆ ಒಂದು ಮಾತು. 110 ಮೀಟರ್‌ನಲ್ಲಿ ಹತ್ತು ಅಡ್ಡಗಂಬಗಳು, ಒಂದೊಂದರ ಎತ್ತರ ಒಂದು ಮೀಟರ್‌ಗಿಂತ ಜಾಸ್ತಿ, ನಡುವಿನ ಅಂತರ 9.14 ಮೀಟರ್. ಆ ಅಂತರದಲ್ಲಿ ಮೂರೇ ಹೆಜ್ಜೆ ಹಾಕಬೇಕು. ನಾಲ್ಕು ಹಾಕಿದರೆ ಪ್ರತಿ ಸಲ ಕಾಲು ಬದಲಾಗುತ್ತದೆ, ಐದು ಹಾಕಿದರೆ ಹೊತ್ತು ಹೋಗುತ್ತದೆ. ಇದನ್ನು ಬರಿಯ ಕಸುವಿನಿಂದ ಮಾಡಲಾಗದು. ಬರಿಗಾಲಲ್ಲಿ ಹೊಲದ ಬದು ಹಾರಿ ಕಲಿತವನಿಗೂ ಯಾರಾದರೂ ಪಕ್ಕದಲ್ಲಿ ನಿಂತು ಹೆಜ್ಜೆ ಎಣಿಸಿ ಹೇಳಿಕೊಡಬೇಕು. ನಮ್ಮ ನಾಡಿನಿಂದ ಮ್ಯಾರಥಾನ್ ಓಡುವವರು ತಾವಾಗಿ ಹುಟ್ಟಿಬಂದರು. ಹರ್ಡಲ್ಸ್ ಓಡುವವರನ್ನು ಮಾತ್ರ ತಯಾರು ಮಾಡಬೇಕಿತ್ತು.

ಆ ಪ್ಯಾರಿಸ್ ಒಲಿಂಪಿಕ್ಸ್ ಸಿನಿಮಾದಿಂದಾಗಿ ಬಹಳ ಜನರಿಗೆ ಗೊತ್ತು. ‘ಚಾರಿಯಟ್ಸ್ ಆಫ್ ಫೈರ್’ ನೋಡಿದವರಿಗೆ ಹೆರಾಲ್ಡ್ ಅಬ್ರಹಾಮ್ಸ್ ಮತ್ತು ಎರಿಕ್ ಲಿಡ್ಡೆಲ್ ನೆನಪಿರುತ್ತಾರೆ. ಅಬ್ರಹಾಮ್ಸ್‌ನ ಕೋಚ್ ಸ್ಯಾಮ್ ಮುಸ್ಸಾಬಿನಿ ಹಣ ತೆಗೆದುಕೊಂಡು ಕಲಿಸುವವನು. ಹಣಕ್ಕಾಗಿ ಕಲಿಸುವುದು ಕೀಳು ಎಂದು ಆ ಕಾಲದ ಇಂಗ್ಲಿಷ್ ದೊಡ್ಡವರ ನಂಬಿಕೆ. ಹಾಗಾಗಿ ತನ್ನ ಹುಡುಗ 100 ಮೀಟರ್ ಚಿನ್ನ ಗೆಲ್ಲುವಾಗ ಆತ ಕ್ರೀಡಾಂಗಣದ ಒಳಗೆ ಇರಲಿಲ್ಲ. ಹತ್ತಿರದ ಒಂದು ಕೋಣೆಯಲ್ಲಿ ಕೂತಿದ್ದು, ಬ್ರಿಟನ್ನಿನ ಬಾವುಟ ಏರಿದ್ದನ್ನು ನೋಡಿ ಗೆಲುವು ತಿಳಿದುಕೊಂಡ. ಅದೇ ಕೂಟದಲ್ಲಿ ಫಿನ್ಲೆಂಡಿನ ಪಾವೊ ನುರ್ಮಿ ಐದು ಚಿನ್ನ ಗೆದ್ದ. ಆ ಗದ್ದಲದ ನಡುವೆ ಭಾರತದ ಎಂಟು ಜನ ಬಂದು ಓಡಿ, ಜಿಗಿದು ಹೋದದ್ದು ಹೊರಗಿನ ಯಾರ ಕಣ್ಣಿಗೂ ಬಿದ್ದಂತಿಲ್ಲ. ಪದಕ ಬರಲಿಲ್ಲ. ಮಹಾದೇವ್ ಸಿಂಗ್ ಮ್ಯಾರಥಾನ್‌ನಲ್ಲಿ 29ನೆಯವರಾದರು.

ಇಲ್ಲಿಗೆ ಬಕ್ ಕಥೆ ಸೋಲಿನ ಕಥೆ ಅನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. 1920ರಲ್ಲಿ ಹೋದ ತಂಡವನ್ನು ಒಬ್ಬ ದೊಡ್ಡ ಮನುಷ್ಯರು ಕಣ್ಣಳತೆಯಲ್ಲಿ ಗುರುತಿಸಿ, ಕೈ ಹಿಡಿದು ಕಳಿಸಿದ್ದರು. 1924ರಲ್ಲಿ ಹೋದವರು ಪ್ರಾಂತ್ಯದಲ್ಲಿ ಓಡಿ, ದೆಹಲಿಯಲ್ಲಿ ಓಡಿ, ಗೆದ್ದು ಬಂದವರು. ನಾಲ್ಕು ವರ್ಷದಲ್ಲಿ ಆಯ್ಕೆ ಒಂದು ಪದ್ಧತಿಯಾಗಿತ್ತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ನಿಂತಾಗ ಟಾಟಾ ಅಧ್ಯಕ್ಷರು, ನೋಹ್ರೆನ್ ಕಾರ್ಯದರ್ಶಿ. ಮುಂದಿನ ವರ್ಷ ಆ ಹೊಣೆ ಪಟಿಯಾಲದ ಮಹಾರಾಜರಿಗೂ ಲಾಹೋರಿನ ಕಾಲೇಜು ಅಧ್ಯಾಪಕ ಜಿ.ಡಿ. ಸೋಂಧಿಯವರಿಗೂ ಹೋಯಿತು. ಅದೇ 1928ರಲ್ಲಿ ಆಮ್‌ಸ್ಟರ್‌ಡ್ಯಾಂನಲ್ಲಿ ಹಾಕಿ ಚಿನ್ನ ಬಂತು. ಅಲ್ಲಿಂದಾಚೆ ದೇಶದ ಕಣ್ಣೆಲ್ಲ ಹಾಕಿಯ ಮೇಲೆ, ಓಟ-ಜಿಗಿತ ಹಿಂದಕ್ಕೆ ಸರಿಯಿತು. ಆಮೇಲೆ ಕ್ರಿಕೆಟ್ ಬಂದು ಹಾಕಿಯನ್ನೂ ಸರಿಸಿದ್ದು ಬೇರೆ ಮಾತು.

ಬಕ್ ಪ್ಯಾರಿಸ್‌ನಿಂದ ಬಂದು ಮತ್ತೆ ಕಾಲೇಜಿನ ಕೆಲಸಕ್ಕೆ ಕೂತರು. ಸಂಸ್ಥೆ ಎಸ್ಪ್ಲನೇಡ್‌ನಿಂದ ರಾಯಪೇಟ್ಟೆಗೆ, ಅಲ್ಲಿಂದ 1928ರ ಹೊತ್ತಿಗೆ ಸೈದಾಪೇಟೆಯ 64 ಎಕರೆ ಜಾಗಕ್ಕೆ ಬಂತು. ಅಡ್ಯಾರ್ ನದಿಯ ಪಕ್ಕ. ಊರ ಹೊರಗಿನ ಬಯಲು ಆಗ. ಇವತ್ತು ಚೆನ್ನೈನ ನಟ್ಟನಡುವೆ. 64 ಎಕರೆಯನ್ನು ಒಬ್ಬ ಪಿ.ಟಿ. ಮೇಷ್ಟ್ರು ಕೇಳಿ ಪಡೆದ ಎನ್ನುವುದನ್ನು ಮುಂಬೈಯಲ್ಲಿ ಕೂತು ಓದುವಾಗ ಒಂಥರಾ ಆಗುತ್ತದೆ. ನಾನು ಬಾಡಿಗೆಗಿರುವ ಸೊಸೈಟಿಯಲ್ಲಿ ಮಕ್ಕಳು ಆಡುವ ಜಾಗ ಎಂದರೆ ಎರಡು ಸಾಲು ಕಾರುಗಳ ನಡುವಿನ ಹಾದಿ. ಅಲ್ಲಿಯೂ ಚೆಂಡು ಆಡಬಾರದು ಎಂದು ಬೋರ್ಡ್ ತೂಗುಹಾಕಿದ್ದಾರೆ. ಮಗಳ ಶಾಲೆಗೆ ನಾಲ್ಕು ಮಹಡಿ, ಲಿಫ್ಟ್, ರೊಬೊಟಿಕ್ಸ್ ಲ್ಯಾಬ್ ಎಲ್ಲ ಇದೆ. ಕ್ರೀಡಾದಿನಕ್ಕೆ ಮಾತ್ರ ಬೇರೆಯವರ ಮೈದಾನ ಅರ್ಧ ದಿನ ಬಾಡಿಗೆಗೆ ತರುತ್ತಾರೆ.

ಬಕ್ ಅವರ ಕಾಲೇಜಿನಿಂದ ಹೊರಬಿದ್ದವರು ಮದ್ರಾಸ್ ಪ್ರಾಂತ್ಯದ ಶಾಲೆಗಳಿಗೆ ಹರಡಿಕೊಂಡರು. ಮದ್ರಾಸ್ ಪ್ರಾಂತ್ಯ ಎಂದರೆ ಆಗ ನಮ್ಮ ಮಂಗಳೂರು, ಉಡುಪಿ, ಕಾಸರಗೋಡು ಸೇರಿದ ದಕ್ಷಿಣ ಕನ್ನಡ ಮತ್ತು ಅತ್ತ ಬಳ್ಳಾರಿಯೂ ಬಂತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಬಾಂಬೆ ಪ್ರಾಂತ್ಯದವು. ನಡುವೆ ಮೈಸೂರು ಸಂಸ್ಥಾನ, ಆಚೆ ನಿಜಾಮರ ಸೀಮೆ. ಕನ್ನಡದ ಮಕ್ಕಳಿಗೆ ಪಿ.ಟಿ. ಕಲಿಸುವವರು ಯಾವ ಪಾಠ ಓದಿ ಬರಬೇಕು ಎನ್ನುವುದನ್ನು ಬೇರೆ ಬೇರೆ ರಾಜಧಾನಿಗಳು ತೀರ್ಮಾನಿಸುತ್ತಿದ್ದವು. ನಮ್ಮ ಕಡೆಯ ತೀರ್ಮಾನ ಆದದ್ದು ಈ ಮುಂಬೈಯಲ್ಲಿ.

ಈಗ ಕಾಂದಿವಲಿ. 1937ರಲ್ಲಿ ಬಾಂಬೆ ಪ್ರಾಂತ್ಯದಲ್ಲಿ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಸರ್ಕಾರ ಬಂತು. ದೈಹಿಕ ಶಿಕ್ಷಣ ಹೇಗಿರಬೇಕು ಎಂದು ನೋಡಲು ಒಂದು ಸಮಿತಿ ಮಾಡಿದರು. ಅದರ ಅಧ್ಯಕ್ಷರು ಲೋನಾವಳದ ಕೈವಲ್ಯಧಾಮದ ಸ್ವಾಮಿ ಕುವಲಯಾನಂದರು. ಯೋಗವನ್ನು ಪ್ರಯೋಗಶಾಲೆಗೆ ಒಯ್ದು ಪರೀಕ್ಷೆ ಮಾಡಿದವರು. 1938ರಲ್ಲಿ ಕಾಂದಿವಲಿಯಲ್ಲಿ ಸರ್ಕಾರದ ದೈಹಿಕ ಶಿಕ್ಷಣ ತರಬೇತಿ ಸಂಸ್ಥೆ ಶುರುವಾಯಿತು. ಅದರ ಮುಖ್ಯಸ್ಥರಾಗಿ ಬಂದವರು ಪಿ.ಎಂ. ಜೋಸೆಫ್, ಕೇರಳದವರು, ಬಕ್ ಹಾಕಿಕೊಟ್ಟ ಮದ್ರಾಸ್ ಪರಂಪರೆಯವರು. ಯೋಗಿಯೊಬ್ಬರು ಬರೆದ ವರದಿ, ಗಾಂಧಿ ಟೋಪಿಯ ಸರ್ಕಾರ, ಅಮೆರಿಕನ್ ಮಿಷನ್ ಬಗೆಯ ಪಾಠ; ಮೂರೂ ಒಂದೇ ಮೈದಾನಕ್ಕೆ ಇಳಿದದ್ದು ಮುಂಬೈಯಂಥ ಊರಲ್ಲಿ ಮಾತ್ರ ಸಾಧ್ಯ ಎಂದು ನನ್ನ ಎಣಿಕೆ.

ಬಕ್ ಅವರ ಪದ್ಧತಿ ಪರದೇಶದ್ದು, ನಮ್ಮ ಗರಡಿಯನ್ನು ಮೂಲೆಗೆ ತಳ್ಳಿತು ಎನ್ನುವ ಆಕ್ಷೇಪ ಇದೆ. ಅದರಲ್ಲಿ ಸುಳ್ಳಿಲ್ಲ. ಶಾಲೆಯಲ್ಲಿ ಪ್ಯಾಂಟು-ಬೂಟಿನ ಆಟಕ್ಕೆ ಸರ್ಟಿಫಿಕೇಟ್ ಬಂತು, ಉಸ್ತಾದರ ವಿದ್ಯೆಗೆ ಬರಲಿಲ್ಲ. ಆದರೆ ಗರಡಿಗೆ ಎಲ್ಲರಿಗೂ ಪ್ರವೇಶ ಇತ್ತೇ ಎಂದೂ ಕೇಳಿಕೊಳ್ಳಬೇಕು. ಹೆಣ್ಣುಮಕ್ಕಳಿಗೆ ಎಲ್ಲಿಯ ಗರಡಿ? ಶಾಲೆಯ ಟೈಮ್‌ಟೇಬಲ್‌ನಲ್ಲಿ ಆಟದ ಪೀರಿಯಡ್ ಎಂದು ಒಂದು ಗೆರೆ ಬರೆಸಿದ್ದರಿಂದ, ಯಾವ ಜಾತಿಯ, ಯಾವ ಮನೆಯ ಮಗುವಾದರೂ ವಾರಕ್ಕೆ ಎರಡು ಸಲ ಹಕ್ಕಿನಿಂದ ಮೈದಾನಕ್ಕೆ ಇಳಿಯುವ ಹಾಗಾಯಿತು. ಗಣಿತದವರು ಕಿತ್ತುಕೊಳ್ಳುವುದಕ್ಕಾದರೂ ಮೊದಲು ಒಂದು ಪೀರಿಯಡ್ ಇರಬೇಕಲ್ಲ.

ಬಾಂಬೆ ಸರ್ಕಾರದ ಸಂಸ್ಥೆ ಆದ್ದರಿಂದ ಕಾಂದಿವಲಿ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಶಾಲೆಗಳಿಗೂ ಸೇರಿದ್ದು. 1956ರಲ್ಲಿ ರಾಜ್ಯಗಳು ಮರುವಿಂಗಡಣೆ ಆಗುವವರೆಗೂ ಅದೇ ವ್ಯವಸ್ಥೆ. ನಾವೀಗ ಸಾಫ್ಟ್‌ವೇರ್ ಕೆಲಸಕ್ಕೆ ಬರುವ ಮುಂಬೈಗೆ, ನಮ್ಮ ಅಜ್ಜಂದಿರ ಕಾಲದ ಮಾಸ್ತರರಿಗೆ ಸೀಟಿ ಹಿಡಿಯುವುದನ್ನು ಕಲಿಯಲು ಬರುವ ದಾರಿ ಇತ್ತು. ಹೋಟೆಲು, ಗಿರಣಿ, ರಾತ್ರಿಶಾಲೆ ಎಂದು ಮುಂಬೈ ಕನ್ನಡಿಗರ ಚರಿತ್ರೆ ಹೇಳುವಾಗ ಕಾಂದಿವಲಿಯ ಮೈದಾನಕ್ಕೂ ಎರಡು ಸಾಲು ಸಿಗಬೇಕು. ಮನೆಯಲ್ಲಿ ಹಳೆಯ ಟ್ರಂಕು ಇದ್ದವರು ಒಮ್ಮೆ ತೆಗೆದು ನೋಡಿ. ದೈಹಿಕ ಶಿಕ್ಷಕರಾಗಿದ್ದ ಅಜ್ಜನೋ ದೊಡ್ಡಪ್ಪನೋ ಇದ್ದರೆ, ಅವರ ಸರ್ಟಿಫಿಕೇಟಿನ ಮೇಲೆ ಯಾವ ಊರ ಹೆಸರಿದೆ ಎಂದು ಓದಿ.

1940ರಲ್ಲಿ ಅಖಿಲ ಭಾರತ ಒಲಿಂಪಿಕ್ ಕೂಟ ಬಾಂಬೆಯಲ್ಲಿ ನಡೆಯಿತು. ಅದಕ್ಕೆ ರಾಷ್ಟ್ರೀಯ ಕ್ರೀಡಾಕೂಟ ಎಂಬ ಹೆಸರು ಬಂದದ್ದು ಆಗಲೇ. ಜಗತ್ತು ಯುದ್ಧದಲ್ಲಿ ಮುಳುಗಿತ್ತು. ಆ ವರ್ಷದ ಒಲಿಂಪಿಕ್ಸ್ ರದ್ದಾಗಿತ್ತು. ಮೂರು ವರ್ಷದ ನಂತರ, 1943ರಲ್ಲಿ, ಬಕ್ ತೀರಿಕೊಂಡರು. ವಯಸ್ಸು ಅರವತ್ತು ತುಂಬಿರಲಿಲ್ಲ. ಅದರಲ್ಲಿ ಇಪ್ಪತ್ತನಾಲ್ಕು ವರ್ಷ ಭಾರತದ ಲೆಕ್ಕಕ್ಕೆ.

ಅವರು ಇದ್ದಿದ್ದರೆ ಎಂದು ನನಗೆ ಅನಿಸುವುದು 1948ರ ಲಂಡನ್ ಒಲಿಂಪಿಕ್ಸ್ ಬಗ್ಗೆ ಓದುವಾಗ. ಬೆಂಗಳೂರಿನಲ್ಲಿ ಬೆಳೆದ ಹೆನ್ರಿ ರೆಬೆಲ್ಲೋ, 19ರ ಹುಡುಗ, ಟ್ರಿಪಲ್ ಜಂಪ್ ಫೈನಲ್‌ನಲ್ಲಿದ್ದ. ಪದಕ ಬರಬಹುದು ಎಂದು ಹಲವರ ಎಣಿಕೆ. ಜಿಗಿಯಲು ಸಿದ್ಧನಾಗಿ ನಿಂತಾಗ ಬೇರೊಂದು ಸ್ಪರ್ಧೆಯ ಪದಕ ಪ್ರದಾನಕ್ಕಾಗಿ ತಡೆದರು. ಚಳಿ. ಮೈ ಆರಿತು. ಮತ್ತೆ ಮೈ ಕಾಯಿಸಿಕೊಳ್ಳದೆ ಓಡಿ ಜಿಗಿದ, ತೊಡೆಯ ಸ್ನಾಯು ಹರಿಯಿತು, ಆಟ ಮುಗಿಯಿತು. ಪಕ್ಕದಲ್ಲಿ ಒಬ್ಬ ಅನುಭವಿ ಮೇಷ್ಟ್ರು ನಿಂತು, ಆತುರ ಬೇಡ, ನಾಲ್ಕು ಸುತ್ತು ಓಡಿ ಬಾ ಎಂದು ಭುಜ ಹಿಡಿದು ನಿಲ್ಲಿಸಬೇಕಿತ್ತು. ಕೋಚ್ ಎಂಬುವನ ಕೆಲಸದ ಅರ್ಧ ಭಾಗ ಅದೇ.

ಮೂರು ವರ್ಷದ ನಂತರ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಮುಂಬೈಯ ಲೆವಿ ಪಿಂಟೋ 100 ಮತ್ತು 200 ಮೀಟರ್ ಎರಡರಲ್ಲೂ ಚಿನ್ನ ಗೆದ್ದರು. ಆ ಕೂಟ ಕಟ್ಟುವುದರಲ್ಲಿ ಮುಂದೆ ನಿಂತವರು ಅದೇ ಜಿ.ಡಿ. ಸೋಂಧಿ. ಕಾಂದಿವಲಿಯ ಪಿ.ಎಂ. ಜೋಸೆಫ್ ಅವರನ್ನು 1957ರಲ್ಲಿ ಗ್ವಾಲಿಯರ್‌ಗೆ ಕರೆದರು. 1857ರ ನೂರನೇ ವರ್ಷದ ನೆನಪಿಗೆ ಝಾನ್ಸಿ ರಾಣಿಯ ಹೆಸರಲ್ಲಿ ಶುರುವಾದ ಲಕ್ಷ್ಮೀಬಾಯಿ ದೈಹಿಕ ಶಿಕ್ಷಣ ಕಾಲೇಜಿಗೆ ಅವರೇ ಮೊದಲ ಪ್ರಿನ್ಸಿಪಾಲ್. ಕೋಚ್‌ಗಳನ್ನೇ ತಯಾರು ಮಾಡುವ ರಾಷ್ಟ್ರೀಯ ಸಂಸ್ಥೆ ಪಟಿಯಾಲದಲ್ಲಿ 1961ರಲ್ಲಿ ಬಂತು. ಕಾಂದಿವಲಿ ಪೂರ್ವದ ಆಕುರ್ಲಿ ರಸ್ತೆಯಲ್ಲಿ ಈಗ ಕೇಂದ್ರ ಸರ್ಕಾರದ ಕ್ರೀಡಾ ಪ್ರಾಧಿಕಾರದ ಕೇಂದ್ರ ಇದೆ.

ಚೆನ್ನೈನಲ್ಲಿರುವ ಕನ್ನಡಿಗರಿಗೆ ಬಕ್ ಅವರ 64 ಎಕರೆ ಬಹುಶಃ ಆಗಲೇ ಪರಿಚಯ ಇರಬೇಕು. ಅಣ್ಣಾ ಸಾಲೈನಲ್ಲಿ ನಂದನಂ ಮೆಟ್ರೋ ಇಳಿದರೆ ಹತ್ತಿರದಲ್ಲೇ ವೈಎಂಸಿಎ ಮೈದಾನ. ಪೊಂಗಲ್ ಆಸುಪಾಸಿನಲ್ಲಿ ದೊಡ್ಡ ಪುಸ್ತಕ ಮೇಳ ನಡೆಯುವುದು ಅಲ್ಲಿಯೇ. ಮಳಿಗೆ ಸುತ್ತಿ ಕಾಲು ನೋವಾದಾಗ ಆಚೆ ಬದಿಗೆ ನಡೆದು ಹೋಗಿ. ಮೇಳದ ತಗಡಿನ ಚಪ್ಪರದ ಆಚೆಗೆ ಕಾಲೇಜು ಇನ್ನೂ ಇದೆ, ದೈಹಿಕ ಶಿಕ್ಷಕರು ಇನ್ನೂ ಅಲ್ಲಿಂದ ಪಾಸಾಗಿ ಹೊರಗೆ ಬರುತ್ತಿದ್ದಾರೆ.